ದಾರದಾಚೆಯ ಅರ್ಧ ಕಮಾನು

ಪಿಟೀಲು ಮೇಷ್ಟರ ಕೆಲಸದಲ್ಲಿ ಸಂಗೀತ ಬಹಳ ಕಡಿಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಿನವಿಡೀ ನೀವು ಕೇಳುವುದು ಕುದುರೆಯ ಕೂದಲು ತಂತಿಯನ್ನು ಕೆರೆಯುವ ಸದ್ದು. ಮೂವತ್ತಾರು ವರ್ಷ ನಾನು ಅದನ್ನು ಕೇಳಿದ್ದೇನೆ. ಈಗಲೂ ಬಾಗಿಲಿನ ಕೀಲು ಕಿರುಗುಟ್ಟಿದರೆ 'ಮೊಣಕೈ ಇಳಿಸು' ಎನ್ನಲು ಬಾಯಿ ತೆರೆಯುತ್ತೇನೆ. ಮನೆಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಆಯಾಸವಾಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಬಂದು, ಮೊದಲ ಪಾಠ ಹೇಗೆ ಮಾಡಬೇಕು ಎಂದು ಕೇಳುತ್ತಾರೆ. ಯಾವ ಹುದ್ದೆ ನನಗೆ ಯಾವಾಗ ಸಿಕ್ಕಿತು ಎಂಬುದರಿಂದ ಅವರಿಗೆ ಆಗಬೇಕಾದದ್ದೇನೂ ಇಲ್ಲ. ನಾನು ಕೆಡಿಸಿದ ಕೆಲಸವನ್ನು ಬರೆದಿಟ್ಟರೆ ಅದರಿಂದ ಉಪಯೋಗ ಇದ್ದರೂ ಇರಬಹುದು.

ನಾನು ಕಲಿತದ್ದು ಹೊಸೂರಿನ ಬೆಟ್ಟದ ಬುಡದ ಬೀದಿಯಲ್ಲಿದ್ದ ಗೋವಿಂದಯ್ಯನವರ ಹತ್ತಿರ. ಅವರು ಹರಿಕಥೆಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಬೆಳಗಿನ ಐದೂವರೆಗೆ ಸರಿಯಾಗಿ ಜಗುಲಿಯ ಮೇಲೆ ಕೂತಿರಬೇಕು. ಐದು ಮೂವತ್ತೈದಕ್ಕೆ ಬಂದವನು ಆ ದಿನ ಕೂತು ಕೇಳಬೇಕೇ ಹೊರತು ವಾದ್ಯ ಮುಟ್ಟುವ ಹಾಗಿಲ್ಲ. ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿಯ ಮೇಲೆ ಊರಿ, ಎಡಗೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಬೇಕು. ಮೂರು ತಿಂಗಳು ಎಡಗೈಗೆ ಕೆಲಸವಿಲ್ಲ. ಬಲಗೈಯಲ್ಲಿ ಕಮಾನು ಹಿಡಿದು ಬಿಡಿತಂತಿಯ ಮೇಲೆ ಎಳೆಯುವುದು, ತಳ್ಳುವುದು, ಅಷ್ಟೇ. ಮೊದಲು ಒಂದು ಎಣಿಕೆಗೆ ಒಂದು ಕಮಾನು, ಆಮೇಲೆ ಎರಡು ಎಣಿಕೆಗೆ ಒಂದು, ನಾಲ್ಕಕ್ಕೆ ಒಂದು, ಕೊನೆಗೆ ಎಂಟಕ್ಕೆ ಒಂದು. ಎಂಟು ಎಣಿಕೆಯ ತನಕ ಸದ್ದು ಕಡಿಯದೆ ಒಂದೇ ಕಮಾನು ನಡೆಸುವುದು ಎಲ್ಲಕ್ಕಿಂತ ಕಷ್ಟ. ಬೇಗ ಎಳೆಯುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ.

ಅಲ್ಲಿ ಇನ್ನೊಂದು ನಿಯಮವಿತ್ತು. ಪ್ರತಿ ಶಿಷ್ಯನ ಕಮಾನಿನ ಕಡ್ಡಿಗೆ ನಡುಮಧ್ಯದಲ್ಲಿ ಒಂದು ಕೆಂಪು ದಾರ ಸುತ್ತಿ ಗಂಟು ಹಾಕಿರುತ್ತಿದ್ದರು. ದಾರದಿಂದ ತುದಿಯವರೆಗಿನ ಅರ್ಧವನ್ನು ಮಾತ್ರ ಬಳಸಬೇಕು. ಹಿಡಿಯ ಕಡೆಯ ಅರ್ಧ ತಂತಿಗೆ ತಾಗಬಾರದು. ಕೂದಲು ತಂತಿಯನ್ನು ಹಿಡಿಯಲೆಂದು ಹಚ್ಚುವ ರಾಳವನ್ನು ಅವರೇ ಕಮಾನಿಗೆ ಉಜ್ಜಿಕೊಡುತ್ತಿದ್ದರು, ಅದೂ ಆ ಅರ್ಧಕ್ಕೆ ಮಾತ್ರ. ಮೊದಲ ದಿನವೇ ಅವರು ನನಗೆ ಹೇಳಿದ ಮಾತು ಇದು: "ದಾರ ದಾಟಿದ್ರೆ ಕಮಾನು ಕಿತ್ಕೊಂಡು ಮನೀಗ್ ಕಳಿಸ್ಬುಡ್ತೀನಿ ಕಣ್ಲಾ." ಯಾಕೆ ಎಂದು ನಾನು ಕೇಳಲಿಲ್ಲ. ಆ ಜಗುಲಿಯ ಮೇಲೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಅವರು ಮಾತ್ರ ಹರಿಕಥೆಯಲ್ಲಿ ಹಿಡಿಯಿಂದ ತುದಿಯವರೆಗೆ ಪೂರ್ತಿ ಕಮಾನು ಎಳೆಯುತ್ತಿದ್ದರು. ದೊಡ್ಡವರು, ಅವರಿಗೆ ಅಧಿಕಾರವಿದೆ ಎಂದುಕೊಂಡೆವು. ನನಗೂ ಆ ದಿನ ಬಂತು. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, ಏನೂ ಹೇಳದೆ ದಾರವನ್ನು ಕತ್ತರಿಸಿದರು. ನಾನು ಸಾಷ್ಟಾಂಗ ನಮಸ್ಕಾರ ಮಾಡಿದೆ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಪಾಯಸ ಮಾಡಿದಳು.

ಆ ದಿನಗಳ ಇನ್ನೊಂದು ಮಾತು. ಯುದ್ಧದಿಂದಾಗಿ ಪಿಟೀಲಿನ ಸಾಮಾನು ಬರುವುದು ನಿಂತುಹೋಗಿತ್ತು. ತಂತಿ ಸಿಗುತ್ತಿರಲಿಲ್ಲ. ಗುರುಗಳ ಹತ್ತಿರ ರಾಳ ಅಡಿಕೆ ಹೋಳಿನಷ್ಟು ಉಳಿದಿತ್ತು. ಒಂದು ದಿನ ನಾನು ಜಾಣತನ ಮಾಡಲು ಹೋಗಿ, ದೇವರ ಮನೆಯ ಸಾಂಬ್ರಾಣಿಯನ್ನು ಕರಗಿಸಿ ಬಿಲ್ಲೆ ಮಾಡಿ, ಅವರ ಕಮಾನಿಗೆ ಉಜ್ಜಿಟ್ಟೆ. ಕೂದಲೆಲ್ಲ ಅಂಟಿಕೊಂಡು ಹಗ್ಗವಾಯಿತು. ಅವರು ಬೈಯಲಿಲ್ಲ. ಕಮಾನನ್ನು ಮೂಸಿ, "ಪೂಜೆ ಚೆನ್ನಾಗಾಯ್ತು," ಎಂದು ಒಳಗೆ ಹೋದರು. ಆ ಕೂದಲನ್ನು ಸಾಬೂನು ಹಾಕಿ ತೊಳೆದು ಎಳೆ ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ಇಷ್ಟೆಲ್ಲ ಕಣ್ಣೆದುರಿಗೆ ನಡೆದರೂ ನನಗೆ ಅರ್ಥವಾಗದಿದ್ದದ್ದು ಏನು ಎಂಬುದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಗುರುಗಳು ಹೊಸಬರ ಪಾಠವನ್ನೆಲ್ಲ ನನಗೆ ಬಿಟ್ಟುಕೊಟ್ಟರು. ಜಗುಲಿಯ ಪಾಠ ಮುಗಿಸಿ, ವಾರಕ್ಕೆರಡು ದಿನ ಬಾಗಲೂರು, ಒಂದು ದಿನ ಬೇರಿಕೆ, ಭಾನುವಾರ ಅವಲಪಲ್ಲಿ. ಇದ್ದಿಲು ಗ್ಯಾಸಿನ ಬಸ್ಸು ದಿಣ್ಣೆ ಹತ್ತಲಾರದೆ ನಿಂತರೆ, ಪಿಟೀಲನ್ನು ಸೀಟಿನ ಮೇಲೆ ಇಟ್ಟು ಇಳಿದು ತಳ್ಳಬೇಕು. ತಳ್ಳಿದ ಕೈಯಲ್ಲೇ ಹೋಗಿ 'ಕೈ ನಡುಗಿಸಬೇಡ' ಎಂದು ಪಾಠ ಹೇಳಬೇಕು.

ಆ ಬಸ್ಸಿನಿಂದ ಒಂದು ಲಾಭವೂ ಆಯಿತು. ಗುರುಗಳು ಕಮಾನಿನ ನಡೆಗಳನ್ನು ಮೃದಂಗದ ಸೊಲ್ಲುಗಳಲ್ಲಿ ಹೇಳಿಕೊಡುತ್ತಿದ್ದರು. ಹಳ್ಳಿಯ ಮಕ್ಕಳ ನಾಲಿಗೆಗೆ ಅವು ಹತ್ತುತ್ತಿರಲಿಲ್ಲ. ಕಂಡಕ್ಟರು ಊರುಗಳ ಹೆಸರು ಕೂಗುವುದನ್ನು ಕೇಳುತ್ತ ಕೂತಿದ್ದಾಗ ಹೊಳೆಯಿತು: 'ಬೇರಿಕೆ' ಎಂದರೆ ಒಂದು ಉದ್ದ, ಎರಡು ಗಿಡ್ಡ. 'ಬಾಗಲೂರು' ಎಂದರೆ ಉದ್ದ, ಗಿಡ್ಡ, ಉದ್ದ, ಗಿಡ್ಡ. 'ಅವಲಪಲ್ಲಿ'ಗೆ ಮೂರು ಗಿಡ್ಡ ಎಳೆದು, ನಾಲ್ಕನೆಯದನ್ನು ಉದ್ದ ಮಾಡಿ, ಕೊನೆಗೆ ಇನ್ನೊಂದು ಗಿಡ್ಡ ಎಳೆಯಬೇಕು. ಮಕ್ಕಳು ಊರು ಹೇಳುತ್ತ ಕಮಾನು ಎಳೆದರು. ವಾರದಲ್ಲಿ ಕೈ ಕೂತಿತು. ಗುರುಗಳು ಕೇಳಿ, "ಟಿಕೀಟೂ ಹರೀತೀಯೇನೋ?" ಎಂದರು. ಆದರೆ ಬೇಡ ಎನ್ನಲಿಲ್ಲ. ಇಷ್ಟು ಹೊಸತನ ಮಾಡಿದ ನಾನು ದಾರದ ವಿಷಯದಲ್ಲಿ ಮಾತ್ರ ಗುರುಗಳಿಗಿಂತ ಕಟ್ಟುನಿಟ್ಟಾಗಿದ್ದೆ. ಮೂರು ವರ್ಷ ತುಂಬದೆ ಯಾರ ದಾರವನ್ನೂ ಬಿಚ್ಚಲಿಲ್ಲ. ಅವಲಪಲ್ಲಿಯ ಒಬ್ಬ ಹುಡುಗಿ ಎರಡು ಸಲ ದಾರ ದಾಟಿದಳೆಂದು ಅವಳ ಪಾಠವನ್ನೇ ನಿಲ್ಲಿಸಿದೆ. ಅವಳ ತಂದೆ ಬಂದು ಕೈಮುಗಿದರೂ ಒಪ್ಪಲಿಲ್ಲ.

ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು. ಅದರ ಮರುವರ್ಷ ಬಾಗಲೂರಿನಲ್ಲಿ ರುಕ್ಕಮ್ಮ ನನ್ನ ಶಿಷ್ಯೆಯಾದರು.

ಆಕೆಗೆ ಇಪ್ಪತ್ತಾರು ವರ್ಷವಿರಬೇಕು. ಗಂಡ ಶಾಲಾ ಮೇಷ್ಟರಾಗಿದ್ದು ಜ್ವರ ಬಂದು ತೀರಿಕೊಂಡಿದ್ದರು. ಅವರ ಪಿಟೀಲನ್ನು ಹಿಡಿದು, ಐದು ವರ್ಷದ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಿದ್ದರು. ಗಂಡ ಬದುಕಿದ್ದಾಗಲೇ ಆಕೆ ಹಾಡುವುದನ್ನು ಚೆನ್ನಾಗಿ ಕಲಿತಿದ್ದರು. ಕೃಷ್ಣಗಿರಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಮುಂದಿನ ವರ್ಷ ಸಂಗೀತದ ಟೀಚರು ಬೇಕಾಗಿದೆ, ಹಾಡುವುದರ ಜೊತೆಗೆ ಪಿಟೀಲಿನ ಮೊದಲ ಪಾಠಗಳೂ ಬರಬೇಕು ಎಂದು ಯಾರೋ ಹೇಳಿದ್ದರು. ಆ ಕೆಲಸ ಸಿಕ್ಕರೆ ತಾಯಿ ಮಗಳು ಕೃಷ್ಣಗಿರಿಯಲ್ಲಿ ಒಂದು ಕೋಣೆ ಹಿಡಿದು ಇರಬಹುದು. ಸಿಗದಿದ್ದರೆ ಬೇರಿಕೆಯ ಆಚೆ ಮಾವನ ಮನೆಗೆ ಹಿಂತಿರುಗಬೇಕು. ಅಣ್ಣ ಒಂದು ವರ್ಷದ ಗಡುವು ಕೊಟ್ಟಿದ್ದ. ಮಾವನ ಮನೆಯಲ್ಲಿ ಒಂಬತ್ತು ಜನ, ಒಂದು ಒಲೆ. ಹೆಣ್ಣುಮಗುವನ್ನು ಶಾಲೆಗೆ ಕಳಿಸುವ ಮಾತೇ ಇಲ್ಲ. ಇದನ್ನೆಲ್ಲ ಆಕೆ ಮೊದಲ ದಿನವೇ ಚುಟುಕಾಗಿ ಹೇಳಿ, "ಅದಕ್ಕೇ ಕಲೀಬೇಕು ಮೇಷ್ಟ್ರೇ. ಸೋಕಿಗಲ್ಲ," ಎಂದರು.

ಗಂಡನ ಕಮಾನಿನ ಕೂದಲು ಉದುರಿಹೋಗಿತ್ತು. ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಲ್ಲಿ ಹೊಸ ಕೂದಲು ಹಾಕಿಸಿ ತಂದೆ. ನಡುವೆ ಕೆಂಪು ದಾರ ಕಟ್ಟಿದೆ. ತುದಿಯ ಅರ್ಧಕ್ಕೆ ರಾಳ ಉಜ್ಜಿದೆ. ರಾಳದ ಬಿಲ್ಲೆಯನ್ನು ಶಿಷ್ಯರು ಮುಟ್ಟಬಾರದೆಂಬ ನಿಯಮದಂತೆ ಅದನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ. ಆ ಹೊತ್ತಿಗೆ ದಂಡಿನ ಅಂಗಡಿಯಲ್ಲಿ ರಾಳ ಬೇಕಾದಷ್ಟು ಸಿಗುತ್ತಿತ್ತು. ನಾನೇ ಕೊಂಡು ತರುತ್ತಿದ್ದೆ.

ಮೂವತ್ತಾರು ವರ್ಷದಲ್ಲಿ ಅಂಥ ಶಿಷ್ಯೆ ನನಗೆ ಇನ್ನೊಬ್ಬರು ಸಿಗಲಿಲ್ಲ. ಅತ್ತಿಗೆಗೆ ಸದ್ದು ಆಗುವುದಿಲ್ಲವೆಂದು ದನದ ಕೊಟ್ಟಿಗೆಯಲ್ಲಿ ಕೂತು ಸಾಧಕ ಮಾಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಎಲ್ಲ ನಡೆಗಳೂ ಕೈಗೆ ಬಂದವು. ಒಂದು ದಿನ ಪಾಠದ ನಡುವೆ ಕಮಾನನ್ನು ಕೆಳಗಿಟ್ಟು ಕೇಳಿದರು: "ಮೇಷ್ಟ್ರೇ, ಈ ದಾರದಾಚೆ ಇರೋ ಅರ್ಧ ಯಾತಕ್ಕೆ?"

"ಅದು ಆಮೇಲೆ," ಎಂದೆ.

"ಆಮೇಲೆ ಅಂದ್ರೆ ಯಾವಾಗ? ನಂಗಿರೋದೇ ಒಂದ್ ವರ್ಸ."

"ಕಾಲ ಬಂದಾಗ ನಾನೇ ಬಿಚ್ಚುತ್ತೇನೆ. ಪ್ರಶ್ನೆ ಕೇಳುವವರಿಗೆ ವಿದ್ಯೆ ಹತ್ತುವುದಿಲ್ಲಮ್ಮ."

ಆಕೆ ಮತ್ತೆ ಕೇಳಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ ಎಂಬುದು ನನಗೇ ಆಗ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಕೃಷ್ಣಗಿರಿಗೆ ನಾನೂ ಜೊತೆಗೆ ಹೋದೆ. ಪರೀಕ್ಷೆ ಮಾಡಲು ಸೇಲಂ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ತಮಿಳು ಬಿಟ್ಟರೆ ಬೇರೆ ಮಾತಿಲ್ಲ, ಮುಖದಲ್ಲಿ ನಗುವಿಲ್ಲ, ಮೇಜಿನ ಮೇಲೆ ಗಡಿಯಾರ. ಅಂಥವರನ್ನು ಕಂಡರೆ ನನಗೆ ಗೌರವ. ಗುರುವಾದವನು ಹಿಂದಿನ ಬೆಂಚಿನಲ್ಲಿ ಕೂರಬಹುದು ಎಂದರು. ಹಾಡುಗಾರಿಕೆ ಚೆನ್ನಾಗಿ ನಡೆಯಿತು. ಪಿಟೀಲಿನಲ್ಲಿ ಗಿಡ್ಡ ನಡೆಗಳೂ ಚೆನ್ನಾಗಿಯೇ ಆದವು. ಆಮೇಲೆ ಎಂಟು ಎಣಿಕೆಗೆ ಒಂದೇ ಕಮಾನು, ತುದಿಯಿಂದ ಶುರುಮಾಡಿ, ಎಂದರು. ಅವರೇ ಬೆರಳಲ್ಲಿ ತಾಳ ಹಾಕಿದರು.

ರುಕ್ಕಮ್ಮ ಅರ್ಧ ಕಮಾನಿನಲ್ಲೇ ಎಂಟನ್ನೂ ತೂಗಿಸಿದರು. ಅದು ಎಷ್ಟು ಕಷ್ಟವೆಂದು ಮಾಡಿದವರಿಗೆ ಗೊತ್ತು. ಆದರೆ ಸದ್ದು ಸೊಳ್ಳೆಯಷ್ಟು ಸಣ್ಣಗಿತ್ತು. ಪರೀಕ್ಷಕಿ ತಲೆಯಾಡಿಸಿ, ಪೂರ್ತಿ ಕಮಾನು ಬಳಸಬೇಕು ಎಂದರು. ರುಕ್ಕಮ್ಮ ಮತ್ತೆ ಎಳೆದು ದಾರದ ಹತ್ತಿರ ಬಂದು ನಿಂತರು. ತಿರುಗಿ ನನ್ನ ಮುಖ ನೋಡಿದರು. ಪರೀಕ್ಷಕಿಗೆ ಬೇಸರವಾಯಿತು. "ಇನ್ನುಂ ಇಳುಂಗ, ಇಳುಂಗಮ್ಮಾ," ಇನ್ನೂ ಎಳೆಯಿರಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಮೂರನೆಯ ಸಲ ರುಕ್ಕಮ್ಮ ದಾರ ದಾಟಿದರು. ದಾಟಿದ ಕೂಡಲೇ ಸದ್ದು ನಿಂತಿತು. ಕೈ ನಡೆಯುತ್ತಿದೆ, ಕಮಾನು ತಂತಿಯ ಮೇಲೆ ಸರಿಯುತ್ತಿದೆ, ಆದರೆ ಉಸಿರು ಬಿಟ್ಟಂಥ ಒಂದು ಸದ್ದು ಬಿಟ್ಟರೆ ಏನೂ ಇಲ್ಲ. ಐದು, ಆರು, ಏಳು, ಎಂಟು ಎಂದು ಪರೀಕ್ಷಕಿಯ ಬೆರಳುಗಳು ಮುಗಿಸುವವರೆಗೂ ಆಕೆ ಆ ಮೂಗ ಕಮಾನನ್ನು ಬಿಡದೆ ಎಳೆದರು. ಹೊಸ ಕೂದಲಿಗೆ ರಾಳ ತಾಗದಿದ್ದರೆ ಅದು ತಂತಿಯನ್ನು ಹಿಡಿಯುವುದಿಲ್ಲ. ಇದು ಯಾವ ಪಿಟೀಲು ಮೇಷ್ಟರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು.

ಪರೀಕ್ಷಕಿ ಎದ್ದು ಬಂದು ಕಮಾನನ್ನು ಕೈಗೆ ತೆಗೆದುಕೊಂಡರು. ಕೂದಲನ್ನು ಉಗುರಿನಿಂದ ಸವರಿ, ದಾರವನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಈ ಅರ್ಧಕ್ಕೆ ರಾಳವನ್ನೇ ಹಾಕಿಲ್ಲವಲ್ಲ, ಇದು ಯಾವ ಊರಿನ ಪದ್ಧತಿ ಎಂದು ತಮಿಳಿನಲ್ಲಿ ಕೇಳಿದರು. ನಮ್ಮ ಗುರುಗಳ ಪದ್ಧತಿ ಎಂದೆ. ಕಾರಣ ಕೇಳಿದರು. ಗುರುಗಳು ಕಟ್ಟುತ್ತಿದ್ದರು, ನಾನೂ ಕಟ್ಟಿದೆ ಎಂದೆ. ಅವರು ಕಾಗದದ ಮೇಲೆ ಏನೋ ಬರೆದು, ಹೋಗಬಹುದು ಎಂದರು.

ಹೊಸೂರಿನಲ್ಲಿ ರುಕ್ಕಮ್ಮನನ್ನು ಬಾಗಲೂರಿನ ಬಸ್ಸಿಗೆ ಹತ್ತಿಸಿದೆ.

ಅಲ್ಲಿಂದ ನೇರವಾಗಿ ಗುರುಗಳ ಮನೆಗೆ ಹೋದೆ. ಆಗ ಅವರಿಗೆ ಕಾಲು ಬಾತು ಜಗುಲಿ ಇಳಿಯಲೂ ಆಗುತ್ತಿರಲಿಲ್ಲ; ಅಲ್ಲಿನ ಪಾಠ ಯುದ್ಧ ಮುಗಿದಾಗಲೇ ನಿಂತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಮೊದಲು ಅವರಿಗೆ ಅರ್ಥವೇ ಆಗಲಿಲ್ಲ.

"ಯಾವ ದಾರ?"

"ಕಮಾನಿನ ದಾರ. ಕೆಂಪು ದಾರ."

"ಅದನ್ನ ಇನ್ನೂ ಕಟ್ತಾ ಇದೀಯೇನೋ?" ಎಂದರು. ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯುದ್ಧದಾಗೆ ರಾಳ ಎಲ್ಲಿತ್ಲಾ? ಅಡಿಕೆ ಹೋಳಷ್ಟಿತ್ತು. ಹತ್ತು ಜನ ಹೊಸಬ್ರು. ಅರ್ಧ ಕಮಾನಿಗೆ ಹಚ್ಚಿದ್ರೆ ಎರಡರಷ್ಟು ದಿನ ಬತ್ತದೆ ಅಂತ ಕಟ್ದೆ. ಯುದ್ಧ ಮುಗ್ದು ನಾಕ್ ವರ್ಸ ಆಯ್ತಲ್ಲೋ."

ಹಾಗಾದರೆ ನನ್ನ ದಾರವನ್ನು ಮೂರು ವರ್ಷಕ್ಕೆ ಬಿಚ್ಚಿದ್ದು ಯಾಕೆ ಎಂದು ಕೇಳಿದೆ. ಜೀವಮಾನದಲ್ಲಿ ಅವರನ್ನು ನಾನು ಯಾಕೆ ಎಂದು ಕೇಳಿದ್ದು ಅದೇ ಮೊದಲು.

"ನಿಮ್ ಚಿಕ್ಕಪ್ಪ ದಂಡಿನಿಂದ ಒಂದ್ ಬಿಲ್ಲೆ ರಾಳ ತಂದ್ಕೊಟ್ಟಿದ್ರಲ್ಲ, ಅದಕ್ಕೆ. ನೀನೇನಂತ ತಿಳ್ಕೊಂಡಿದ್ದೆ?"

ಏನಂತಲೂ ಇಲ್ಲ ಎಂದೆ.

ಮರುದಿನದಿಂದ ಊರೂರು ತಿರುಗಿ ದಾರ ಬಿಚ್ಚಿದೆ. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟವಾಯಿತು. ಬೇರಿಕೆಯಲ್ಲಿ ಒಬ್ಬ ಯಜಮಾನರು ಅಡ್ಡ ನಿಂತು, "ನಮ್ ಹುಡುಗನಿಗೆ ಇನ್ನೂ ಒಂದೂವರೆ ವರ್ಸಾನೇ ಆಗಿರೋದು. ಅಡ್ಡದಾರಿ ಬ್ಯಾಡಿ ಸ್ವಾಮಿ," ಎಂದರು. ಅವರ ಮನೆಯಲ್ಲಿ ಆ ಕಮಾನಿಗೆ ಅರಿಶಿನ ಕುಂಕುಮ ಹಚ್ಚಿ ಗೂಡಿನಲ್ಲಿ ಇಡುತ್ತಿದ್ದರು. ಅವಲಪಲ್ಲಿಯ ಆ ಹುಡುಗಿಯ ಮನೆಗೂ ಹೋದೆ. ಅವಳಿಗೆ ಮದುವೆಯಾಗಿತ್ತು. ಪಿಟೀಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಅವಳ ತಂದೆ ನನಗೆ ಮಜ್ಜಿಗೆ ಕೊಟ್ಟರು. ನಾನು ಬಂದ ಕಾರಣವನ್ನು ಹೇಳದೆ ಮಜ್ಜಿಗೆ ಕುಡಿದು ಬಂದೆ.

ಬಾಗಲೂರಿಗೆ ಕೊನೆಯಲ್ಲಿ ಹೋದೆ. ಧೈರ್ಯ ಸಾಲದೆ ಹಾಗೆ ಮಾಡಿದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ರುಕ್ಕಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಸಗಣಿ ಬಾಚುತ್ತಿದ್ದರು. ಬಾಚುವುದನ್ನು ನಿಲ್ಲಿಸಲಿಲ್ಲ.

"ನಾನು ಕೇಳಿದ್ನಲ್ಲ ಮೇಷ್ಟ್ರೇ," ಎಂದರು.

"ಕೇಳಿದ್ದಿರಿ."

ಸಗಣಿಯ ಬುಟ್ಟಿಯನ್ನು ಹೊರಗಿಟ್ಟು ಬಂದು, "ಪೂರ್ತಿ ಕಮಾನು ಕಲಿಯೋಕೆ ಎಷ್ಟು ದಿನ ಬೇಕಾಗ್ತದೆ?" ಎಂದರು. ಮಾವನ ಮನೆಯವರು ಬಂದು ಕರೆದುಕೊಂಡು ಹೋಗಲು ಎರಡು ತಿಂಗಳಿತ್ತು. ಎರಡು ತಿಂಗಳು ಸಾಕು ಎಂದೆ. ಸಾಕೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅರ್ಧಕ್ಕೆ ನಿಲ್ಲುವುದನ್ನು ಕಲಿತ ಮೊಣಕೈಯನ್ನು ಮುಂದಕ್ಕೆ ಕಳಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಆ ದಿನವೇ ಪರೀಕ್ಷಕಿಗೆ ಕಾಗದ ಬರೆದೆ. ಆ ಶಾಲೆಗೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ತಪ್ಪು ಶಿಷ್ಯೆಯದಲ್ಲ, ನನ್ನದು. ರಾಳದ ಬರಕ್ಕೆ ಕಟ್ಟಿದ ದಾರವನ್ನು ಕಾರಣ ತಿಳಿಯದೆ ಶಾಸ್ತ್ರವೆಂದು ನಂಬಿ ನಡೆಸಿದೆ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಆಕೆಯ ಕೈ ನೋಡಬೇಕು ಎಂದು ಬರೆದೆ. ಗುರುಗಳ ಹೆಸರನ್ನು ಅದರಲ್ಲಿ ತರಲಿಲ್ಲ. ಅದೇ ವರ್ಷ ನಾನೂ ಸರಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಆ ಅರ್ಜಿಯನ್ನು ನೋಡುವವರಲ್ಲಿ ಆ ಹೆಂಗಸೂ ಒಬ್ಬರು ಎಂಬುದು ಗೊತ್ತಿತ್ತು. ಅದರಿಂದ ಏನಾಯಿತು ಎಂಬುದನ್ನು ಬರೆಯುವುದಿಲ್ಲ. ನನಗೆ ಆ ಕೆಲಸ ತಡವಾಗಿ ಸಿಕ್ಕಿತು, ಅಷ್ಟೇ.

ಉತ್ತರ ಒಂದು ಸಾಲಿನದು. ಇಂಥ ದಿನ ಬೆಳಿಗ್ಗೆ ಹತ್ತಕ್ಕೆ ಕರೆತನ್ನಿ, ನೀವು ಹೊರಗೆ ಕೂತಿರಿ.

ಆ ಎರಡು ತಿಂಗಳು ನಾನು ಬಾಗಲೂರಿಗೆ ದಿನವೂ ಹೋದೆ. ಬಸ್ಸು ಕೆಟ್ಟ ದಿನ ನಡೆದೇ ಹೋದೆ. ಪಾಠವೆಂದರೆ ಒಂದೇ ಸ್ವರ, ಒಂದೇ ತಂತಿ. ಆಕೆಯ ಕೈ ನಡುವಿಗೆ ಬಂದಾಗಲೆಲ್ಲ ತಾನಾಗಿ ತಡೆಯುತ್ತಿತ್ತು. ತಡೆದಾಗ ಆಕೆಯ ತುಟಿ ಬಿಗಿಯುತ್ತಿತ್ತು. ನಾನು ಎಣಿಸುತ್ತಿದ್ದೆ.

ಕೃಷ್ಣಗಿರಿಯ ಶಾಲೆಯಲ್ಲಿ ಎರಡನೆಯ ಸಲ ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆ. ಕಿಟಕಿ ತೆರೆದಿತ್ತು. ಗಿಡ್ಡ ನಡೆಗಳನ್ನು ಕೇಳಲೇ ಇಲ್ಲ, ನೇರವಾಗಿ ಉದ್ದ ಕಮಾನಿಗೆ ಬಂದರು. ಸದ್ದು ಶುರುವಾಯಿತು. ನಾನು ತೊಡೆಯ ಮೇಲೆ ಬೆರಳು ಮಡಿಸುತ್ತ ಹೋದೆ. ನಾಲ್ಕಕ್ಕೆ ನನ್ನ ಕೈಯೇ ನಿಂತುಬಿಟ್ಟಿತು. ಸದ್ದು ನಿಲ್ಲಲಿಲ್ಲ. ಐದರಲ್ಲಿ ಒಂದಿಷ್ಟು ನಡುಗಿ, ಆರರಲ್ಲಿ ತುಂಬಿಕೊಂಡು, ಎಂಟರವರೆಗೆ ಒಂದೇ ಸಮನಾಗಿ ನಡೆದು, ತಿರುಗಿ ಹಿಡಿಯಿಂದ ತುದಿಗೂ ಹಾಗೆಯೇ ಬಂತು. ಒಳಗೆ ಪರೀಕ್ಷಕಿ ಏನೋ ಹೇಳಿದ್ದು ಕೇಳಿಸಿತು.

ರುಕ್ಕಮ್ಮ ಹೊರಗೆ ಬಂದು ಪಿಟೀಲಿನ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಸೋಮವಾರದಿಂದ ಬಾ ಅಂದ್ರು ಮೇಷ್ಟ್ರೇ. ಮಗೂನೂ ಇಲ್ಲೇ ಸೇರಿಸ್ಕೊಂತಾರಂತೆ."

ಸಂತೋಷವಮ್ಮ ಎಂದೆ. ಮುಂದಿನ ಪಾಠಗಳಿಗೆ ಭಾನುವಾರ ಕೃಷ್ಣಗಿರಿಗೆ ಬಂದುಹೋಗುತ್ತೇನೆ, ವರ್ಣಗಳನ್ನು ಶುರುಮಾಡಬಹುದು ಎಂದೂ ಹೇಳಿದೆ.

ಆಕೆ ಪೆಟ್ಟಿಗೆಯ ಕೊಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. "ಪರೀಕ್ಷೆ ಮಾಡಿದೋರು ತಿಂಗಳಿಗೆ ಎರಡು ಸಲ ಈ ಶಾಲೆಗೆ ಬತ್ತಾರಂತೆ. ಪಾಠ ಹೇಳ್ಕೊಡ್ತೀನಿ ಅಂದ್ರು. ಅವರ ಹತ್ರಾನೇ ಕಲೀತೀನಿ ಅಂತ ಒಪ್ಕೊಂಡೆ," ಎಂದರು. ಆಮೇಲೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಒಳ್ಳೆಯದೇ ಮಾಡಿದಿರಿ, ಅವರು ಕಟ್ಟುನಿಟ್ಟಿನವರು ಎಂದೆ. ಅದು ಬಾಯುಪಚಾರದ ಮಾತಲ್ಲ. ರುಕ್ಕಮ್ಮ ಒಳಗೆ ಹೋಗಿ ಕೆಲಸದ ಕಾಗದಕ್ಕೆ ಸಹಿ ಹಾಕುವುದು ಇನ್ನೂ ಇತ್ತು. ನಾನು ಹನ್ನೊಂದೂವರೆಯ ಬಸ್ಸಿಗೆ ಹೊಸೂರಿಗೆ ಹೊರಟೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾಗಲೂರಿನ ಪಾಠದ ಹೊತ್ತು ಇನ್ನು ಮುಂದೆ ಖಾಲಿ, ಅದಕ್ಕೆ ಯಾರನ್ನು ಹಾಕಿಕೊಳ್ಳುವುದು ಎಂದು ಯೋಚಿಸಲು ಹೊರಟು, ಯಾರ ಹೆಸರೂ ನೆನಪಿಗೆ ಬಾರದೆ, ಊರು ಬರುವ ತನಕ ಸುಮ್ಮನೆ ಕೂತಿದ್ದೆ.